ಟೊಂಕ ಹ್ಯಾಂಗ ಅದ?

ಕುರನೂರಿನವರು ಊರು ಬಿಟ್ಟು ಹೋದರೆ ಎಲ್ಲಿಗೆ ಹೋಗಬೇಕು ಹೇಳಿ? ಒಂದೋ ಅಕ್ಕಲಕೋಟ, ಇಲ್ಲಾ ಸೋಲಾಪುರ. ಬಜಾರಕ್ಕೂ ಅದೇ, ದವಾಖಾನಿಗೂ ಅದೇ. ಹೀಗಾಗಿ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಕಂಡ ಮುಖವೇ ಮಧ್ಯಾಹ್ನ ಅಕ್ಕಲಕೋಟ ಸ್ವಾಮಿಗಳ ಅನ್ನಛತ್ರದಲ್ಲಿ ಎದುರು ಪಂಕ್ತಿಗೆ ಕೂತಿರುತ್ತದೆ, ಸಂಜೆ ಔಷಧದಂಗಡಿ ಮುಂದೆ ಮತ್ತೆ ಹಾಜರು. ಮೊದಲ ಸಲ "ಎಲ್ಲಿಗ್ರಿ?" ಅನ್ನಬಹುದು. ಎರಡನೆಯ ಸಲ "ಆತೇನ್ರಿ ಕೆಲಸ?" ಮೂರನೆಯ ಸಲಕ್ಕೆ ಸರಕು ತೀರಿರುತ್ತದೆ, ಸುಮ್ಮನೆ ಹಲ್ಲು ಕಿಸಿಯಬೇಕು. ನಾಲ್ಕನೆಯದಕ್ಕೆ ನಾನು ಮೊಬೈಲು ಕಿವಿಗೆ ಹಚ್ಚುತ್ತೇನೆ. ಒಮ್ಮೆ ಹಾಗೆ ಹಚ್ಚಿಕೊಂಡು "ಹಾಂ, ಹಾಂ" ಅನ್ನುತ್ತಿದ್ದಾಗ ಅದು ಕಿವಿಯಲ್ಲೇ ರಿಂಗಾಗಿ, ಎದುರಿನವರಿಗಿಂತ ನಾನೇ ಹೆಚ್ಚು ಬೆಚ್ಚಿಬಿದ್ದೆ.

ಇವೆಲ್ಲ ಸಣ್ಣವು ಬಿಡಿ. ದೊಡ್ಡದು ಆದದ್ದು ಸೋಲಾಪುರದ ಗಡ್ಡಾ ಜಾತ್ರೆಯಲ್ಲಿ.

ಊರ ಆ ತುದಿಯ ಕಾಕಾ ಒಬ್ಬರು ಮೊಮ್ಮಗನ ಜಾವಳಕ್ಕೆ ಕರೆದಿದ್ದರು. ನನಗೆ ಬೇಸರ; ಆಯಾರದ ಖರ್ಚು ಬೇರೆ. "ಟೊಂಕ ಹಿಡದದ ಕಾಕಾ, ಎದ್ದು ಕೂಡ್ಲಾಕ ಬರವಲ್ದು" ಎಂದು ಫೋನಿನಲ್ಲೇ ನರಳಿದೆ. ಹೆಂಡತಿಗೆ ಸುದ್ದಿಯನ್ನೇ ಮುಟ್ಟಿಸಲಿಲ್ಲ. ಮೂರನೆಯ ದಿನಕ್ಕೆ ಸೋಲಾಪುರಕ್ಕೆ ಹೋದೆ. ಸಂಕ್ರಾಂತಿ ಮುಗಿದು, ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳ ಮೆರವಣಿಗೆಯೂ ಆಗಿಹೋಗಿತ್ತು. ಹೋಮ್ ಮೈದಾನದಲ್ಲಿ ತೊಟ್ಟಿಲು, ಅಂಗಡಿ ಇನ್ನೂ ಜೋರಾಗಿದ್ದವು. ನಾಲ್ಕು ಚಾದರ ಆರಿಸಿದೆ. ಅಂಗಡಿಯವನ ಮನೆಮಾತು ತೆಲುಗು, ನನ್ನದು ಕನ್ನಡ. ಸೋಲಾಪುರದ ರೂಢಿಯಂತೆ ಇಬ್ಬರೂ ಮರಾಠಿಯಲ್ಲಿ ಚೌಕಾಶಿಗೆ ನಿಂತೆವು. ಅಷ್ಟರಲ್ಲಿ ಓರೆಗಣ್ಣಿಗೆ ಬಿಳಿ ಟೊಪ್ಪಿಗೆಯೊಂದು ಕಂಡಿತು. ಕಾಕಾ!

ಮುಖ ಗೋಡೆಗೆ ತಿರುಗಿಸಿ ಮರಾಠಿಯನ್ನು ಇನ್ನಷ್ಟು ಏರಿಸಿದೆ, ಪುಣೆಯವನು ಅಂದುಕೊಳ್ಳಲಿ ಎಂದು. ನನ್ನ ಮರಾಠಿಗೆ ಹುಟ್ಟಿನಿಂದಲೇ ಕನ್ನಡದ ನಡಿಗೆ. ಹಿಂದಿನಿಂದ ದನಿ ಬಂತು: "ತಮ್ಮಾ, ಟೊಂಕ ಹ್ಯಾಂಗ ಅದ?"

ನಾಲ್ಕೂ ಚಾದರ ಹೆಗಲ ಮೇಲಿದ್ದವು. ತಟ್ಟನೆ ಬಗ್ಗಿ, ಎಡಗೈ ಟೊಂಕಕ್ಕೆ ಇಟ್ಟೆ. ನೋವು ಬಲಕ್ಕೆ ಅಂತ ಫೋನಿನಲ್ಲಿ ಹೇಳಿದ್ದೆನೋ ಎಡಕ್ಕೆ ಅಂದಿದ್ದೆನೋ, ಆ ಹೊತ್ತಿಗೆ ನೆನಪಾಗಲಿಲ್ಲ. "ದವಾಖಾನಿಗಿ ಬಂದಿದ್ದೆ ಕಾಕಾ." "ಛಲೋ ಆತು, ಕೂಡೇ ಹೋಗೂಣು" ಅಂದರು.

ಅಕ್ಕಲಕೋಟ ತನಕ ಸುಮಾರು 40 ಕಿಲೋಮೀಟರು, ಒಂದೇ ಸೀಟು. ಮೊದಲಾದರೆ ಟಿಕೇಟು ಯಾರು ತೆಗೆಸಬೇಕು ಎಂಬ ಜಗಳ ಇತ್ತು: "ನಂದ ತಗೋರಿ", "ಛೇ, ನೀವು ಸುಮ್ನಿರ್ರಿ." ನಿಧಾನ ಕಿಸೆಗೆ ಕೈ ಹಾಕುವ ಕಲೆಯಲ್ಲಿ ನಾನು ಪಳಗಿದವ. 2022ರ ಆಗಸ್ಟಿನಿಂದ ಮಹಾರಾಷ್ಟ್ರದ ಎಸ್‌ಟಿಯಲ್ಲಿ 75 ದಾಟಿದವರಿಗೆ ಪುಕ್ಕಟೆ, 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ. ಆ ಜಗಳದಿಂದ ಐದು ಮಿನಿಟಿನ ಮಾತಾದರೂ ಹುಟ್ಟುತ್ತಿತ್ತು. ಸರ್ಕಾರ ಅದನ್ನೂ ಕಸಿದುಕೊಂಡಿತು. ಕಾಕಾ ಆಧಾರ್ ಕಾರ್ಡು ತೋರಿಸಿ, ಕಾಲು ಚಾಚಿ, ನನ್ನ ಟೊಂಕಕ್ಕೆ ಕೈ ಹಾಕಿದರು. ಬಿಸಿ ಇಟ್ಟಿಗಿ ಅರಿವ್ಯಾಗ ಸುತ್ತಿ ಕಾಸಬೇಕು, ಬಾಗಿ ಏನೂ ಎತ್ತಬಾರದು. ರಸ್ತೆಯ ಕುಣಿ ಬಂದಾಗಲೆಲ್ಲ ನೆನಪಿಟ್ಟು "ಯಪ್ಪಾ" ಅನ್ನುವುದು ನನ್ನ ಕೆಲಸ. ಎರಡು ಕುಣಿ ತಪ್ಪಿದವು. ಕಾಕಾ ನೋಡಿದರು, ಏನೂ ಅನ್ನಲಿಲ್ಲ.

ಅಕ್ಕಲಕೋಟದಲ್ಲಿ ಗಾಡಿ ಬದಲಿಸಿ ಊರಿಗೆ ಇಳಿದಾಗ ಹೊತ್ತು ಮುಳುಗಿತ್ತು. ನಾನು ಗಂಟಿಗೆ ಕೈ ಹಾಕುವುದರೊಳಗೆ ಅವರೇ ಎತ್ತಿ ತಲೆ ಮೇಲಿಟ್ಟುಕೊಂಡರು. "ಬ್ಯಾಡ್ರಿ ಕಾಕಾ." "ಸುಮ್ನ ನಡಿ, ಟೊಂಕ ಹಿಡದದ ನಿಂದು." ಮುಂದೆ ಎಪ್ಪತ್ತಾರರ ಮುದುಕ ನಾಲ್ಕು ಚಾದರ ಹೊತ್ತು, ಹಿಂದೆ ನಾನು ಕೈ ಬೀಸಿಕೊಂಡು. ಕಟ್ಟೆ ಮೇಲಿನವರೆಲ್ಲ ಎಲೆ ಅಡಿಕೆ ಜಗಿಯುವುದನ್ನೂ ಮರೆತು ನೋಡಿದರು.

ಬಾಗಿಲಲ್ಲಿ ಹೆಂಡತಿ. "ಅಲ್ರಿ, ನಿನ್ನಿ ತೊಗರಿ ಚೀಲ ಒಬ್ಬರೇ ಹೊತ್ತು ಒಳಗ ಒಗದೀರಿ. ಇವತ್ತ ಹಿರ್ಯಾರ ಕೈಲಿ ಹೊರಸೀರಲ್ಲ, ಏನ್ ಬಂದದ ನಿಮಗ?"

ಕಾಕಾ ನನ್ನ ಮುಖ ನೋಡಲಿಲ್ಲ. ಗಂಟು ಇಳಿಸಿ, ಟೊಪ್ಪಿಗೆ ಸರಿಮಾಡಿಕೊಂಡು ಅಂದರು: "ಇದರಾಗ ಒಂದು ನಮ್ಮ ಮೊಮ್ಮಗನ ಆಯಾರದ್ದು ಇರಬೇಕವ್ವಾ, ಅದಕ್ಕ ನಾನೇ ಹೊತ್ಕೊಂಡ್ ಬಂದೆ."