ಉದ್ಯೋಗಸ್ಥಳ ದೃಶ್ಯಪ್ರವಾಹ ಮೀಮಾಂಸೆ

ಪೀಠಿಕೆ: ನೌಕರರ ಸಾಮರ್ಥ್ಯ ಸಂವರ್ಧನೆಗಾಗಿ ಸಮಗ್ರ, ಬಹುಸ್ತರೀಯ, ಭವಿಷ್ಯಸನ್ನದ್ಧ ದೃಶ್ಯಪ್ರವಾಹ ಪರಿವ್ಯವಸ್ಥೆಯ ಅನುಷ್ಠಾನವೇ ಪ್ರಸ್ತುತ ಪ್ರಬಂಧದ ವಸ್ತು. ಅಂದರೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ತರಬೇತಿ ವಿಡಿಯೋ ತೋರಿಸಲು ಸರ್ವರ್ ಇಡುವುದು. ಮೊದಲ ವಾಕ್ಯಕ್ಕೆ ಸಲಹೆಗಾರರು ಬಿಲ್ ಹಾಕಬಹುದು, ಎರಡನೆಯದಕ್ಕೆ ಹಾಕಲಾಗದು.

ಪ್ರಮೇಯ 1: ವಿಡಿಯೋ ಅಖಂಡವಲ್ಲ. 2009ರಲ್ಲಿ ಆಪಲ್ ತಂದ ಎಚ್‌ಎಲ್‌ಎಸ್ ವಿಧಾನ ಅದನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ, ಹಲವು ಗುಣಮಟ್ಟಗಳಲ್ಲಿ ಇಡುತ್ತದೆ. ನೆಟ್ ಸೊರಗಿದರೆ ಪ್ಲೇಯರ್ ತಾನೇ ಕೆಳದರ್ಜೆಗೆ ಇಳಿಯುತ್ತದೆ. ಇದಕ್ಕೆ ಪುಕ್ಕಟೆ ಸಿಗುವ ಎಫ್‌ಎಫ್‌ಎಂಪೆಗ್, ಜೊತೆಗೊಂದು ಸಾಮಾನ್ಯ ವೆಬ್ ಸರ್ವರ್ ಸಾಕು. ಹಾಗೆಂದವನನ್ನು ಮುಂದಿನ ಮೀಟಿಂಗಿಗೆ ಕರೆಯುವುದಿಲ್ಲ.

ಪ್ರಮೇಯ 2: ತಲೆಗೆ 2 ಎಂಬಿಪಿಎಸ್ ಎಂದರೆ, 200 ಮಂದಿ ಒಟ್ಟಿಗೆ ನೋಡಿದಾಗ 400. ಇಂಟರ್‌ನೆಟ್ ಲೈನು 100ರದು. ಸರ್ವರ್ ಕಾಂಪೌಂಡಿನೊಳಗೇ ಇದ್ದರೆ ಗಿಗಾಬಿಟ್ ಲ್ಯಾನ್ ಇದನ್ನು ಆರಾಮಾಗಿ ಹೊರುತ್ತದೆ. ಆದರೆ 'ಕ್ಲೌಡ್' ಇಲ್ಲದ ಪ್ರಸ್ತಾವಕ್ಕೆ ಮೇಲಿನವರ ಸಹಿ ಬೀಳದು.

ವರ್ಗೀಕರಣ: ವೀಕ್ಷಕರು ಪಂಚವಿಧ.
(ಅ) ದ್ವಿಟ್ಯಾಬಿಗಳು: ಒಂದರಲ್ಲಿ ವಿಡಿಯೋ, ಇನ್ನೊಂದರಲ್ಲಿ ಕ್ರಿಕೆಟ್ ಸ್ಕೋರು.
(ಆ) ಮೌನವ್ರತಿಗಳು: ಮ್ಯೂಟ್ ಒತ್ತಿ ಊಟಕ್ಕೆ ಹೋಗುವವರು.
(ಇ) ಪರಹಸ್ತಿಗಳು: ಇವರ ಪರವಾಗಿ ಸೂಪರ್‌ವೈಸರ್ ಒಬ್ಬನೇ ಕೂತು ಎಲ್ಲರ ಲಾಗಿನ್ ಒತ್ತಿ ಮುಗಿಸುತ್ತಾನೆ.
ಉಳಿದೆರಡು ವಿಧ ಬಿಡಿ. ಮೂರನೆಯದರ ಹತ್ತಿರವೇ ನನಗೆ ನಗು ಬರುವುದು ನಿಂತಿತು.

ಏಕೆಂದರೆ ಆ ವಿಡಿಯೋ ಪವರ್ ಪ್ರೆಸ್ಸಿನದು. ಸಿಕ್ಕಿಕೊಂಡ ತಗಡಿಗೆ ಕೈ ಹಾಕುವ ಮುನ್ನ ಕರೆಂಟು ತೆಗೆದು ಸ್ವಿಚ್ಚಿಗೆ ಬೀಗ ಹಾಕಿ ಎನ್ನುತ್ತದೆ, ಅಮೆರಿಕನ್ ಇಂಗ್ಲಿಷಿನಲ್ಲಿ. ಪ್ರೆಸ್ಸಿನ ಮುಂದೆ ನಿಂತವನು ರಾಯಚೂರಿನ ಕಡೆಯಿಂದ ಬಂದ ಗುತ್ತಿಗೆ ಹುಡುಗ. ಡ್ಯಾಶ್‌ಬೋರ್ಡಿನಲ್ಲಿ ಅವನ ಹೆಸರಿನ ಮುಂದೆ ಹಸಿರು ಟಿಕ್ಕು: ತರಬೇತಿ ಪೂರ್ಣ. ನಾಳೆ ಅವನ ಬೆರಳು ಹೋದರೆ ಆ ಟಿಕ್ಕೇ ಸಾಕ್ಷಿ, ಅದೂ ಅವನ ವಿರುದ್ಧ. ಇದನ್ನು ತರಬೇತಿ ಎನ್ನಲು ನಾಚಿಕೆಯಾಗಬೇಕು. ಅದೇ ಶೆಡ್ಡಿನಲ್ಲಿ ಪ್ರೆಸ್ ಓಡಿಸಿಯೇ ತಲೆ ಹಣ್ಣಾದ ಮೇಸ್ತ್ರಿ ಇದ್ದಾರೆ. ಕಾಲಿನ ಪೆಡಲಿಗೆ ಗಾರ್ಡ್ ಯಾಕೆ ಬೇಕೆಂದು ಎರಡೇ ಮಾತಿನಲ್ಲಿ ಹೇಳಬಲ್ಲರು. ಅವರೆದುರು ಒಂದು ಫೋನ್ ಹಿಡಿಯುವುದು ಯಾವ ಸಲಹೆಗಾರನ ಸ್ಲೈಡಿನಲ್ಲೂ ಇರಲಿಲ್ಲ.

ನಿರ್ಣಯ: ಮೊದಲು ಮೇಸ್ತ್ರಿಯನ್ನು ಕನ್ನಡದಲ್ಲಿ ಮಾತಾಡಿಸಿ ರೆಕಾರ್ಡ್ ಮಾಡಿ, ಒಡಿಶಾದವರಿದ್ದರೆ ಒಡಿಯಾದಲ್ಲೂ ಹೇಳಿಸಿ. ಸರ್ವರಿನ ಮಾತು ಆಮೇಲೆ. ಅದಕ್ಕೆ ಸ್ಟೋರಿನಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರೂ ಆದೀತು.