ಆಕಾಶಕ್ಕೂ ಓನರ್

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆ ಮನೆ ಕೇಳಿದರೆ ನೀರು, ಕರೆಂಟು, ನೆಂಟರ ಷರತ್ತುಗಳೆಲ್ಲ ಮುಗಿದ ಮೇಲೆ ಕೊನೆಯದೊಂದು ಬರುತ್ತದೆ: 'ಟೆರೇಸ್ ಮೇಲೆ ಡಿಶ್ ಗಿಶ್ ಹಾಕಂಗಿಲ್ಲ. ಕೇಬಲ್‌ನವನು ಇದಾನಲ್ಲ, ಹೇಳ್ತೀನಿ ಬಿಡಿ.'

ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ. ಅದರ ಉಪಗ್ರಹ ಬೆಂಗಳೂರಿಗೆ ಆಗ್ನೇಯ ದಿಕ್ಕಿನಲ್ಲಿದೆ. ವಾಸ್ತು ಪ್ರಕಾರ ಆಗ್ನೇಯವನ್ನು ಓನರ್ ಅಡುಗೆಮನೆಗೆ ಕೊಟ್ಟಾಗಿದೆ. ಅದರಾಚೆಯ ಆಕಾಶವನ್ನು ಪಕ್ಕದ ಟ್ವೆಂಟಿ-ಥರ್ಟಿ ಸೈಟಿನ ನಾಲ್ಕನೇ ಮಹಡಿ ನುಂಗಿದೆ. ಸುಮಾರು 36,000 ಕಿಲೋಮೀಟರ್ ನಿರಾತಂಕವಾಗಿ ಬಂದ ಸಿಗ್ನಲ್ ಯಾರದೋ ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆದು ಕೂರುತ್ತದೆ.

ಹಾಗಾಗಿ ಕೇಬಲ್. ಕಂಬದಿಂದ ಮರಕ್ಕೆ, ಮರದಿಂದ ಕಿಟಕಿಯ ಗ್ರಿಲ್ಲಿಗೆ. ಕಾನೂನಿನ ಪ್ರಕಾರ ಯಾರಿಂದ ಬೇಕಾದರೂ ತಗೊಳ್ಳಬಹುದು. ಗಲ್ಲಿಯ ಪ್ರಕಾರ 'ಈ ಏರಿಯಾ ಅವರದ್ದು'. 2013ರಲ್ಲಿ ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರಲ್ಲಿ ನಿಯಂತ್ರಣ ಸಂಸ್ಥೆ ಟ್ರಾಯ್ ಗ್ರಾಹಕನಿಗೆ ಪಟ್ಟ ಕಟ್ಟಿ, ಬೇಕಾದ ಚಾನೆಲ್ ನೀನೇ ಆರಿಸಿಕೋ ಎಂದಿತು. ಸಿಂಹಾಸನದ ಬಾಡಿಗೆ ಆಗ ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಪೇ ಚಾನೆಲ್‌ಗೆ ಬೇರೆ ದುಡ್ಡು. ಲೇತ್ ಮುಂದೆ ದಿನವಿಡೀ ನಿಂತು ಬಂದ ಮಹಾರಾಜರು ಪಟ್ಟಿ ಓದಲು ಪುರುಸೊತ್ತಿಲ್ಲದೆ 'ಏನೋ ಒಂದು ಪ್ಯಾಕ್ ಹಾಕಪ್ಪಾ' ಎಂದರು. ಹಾಕಿದ.

ಈ ಮಹಾರಾಜರಲ್ಲಿ ಕಲಬುರಗಿ, ರಾಯಚೂರು ಕಡೆಯವರೂ ಇದ್ದಾರೆ. ಆ ಸೀಮೆಯ ಹಳ್ಳಿಗಳು ಟಿವಿ ನೋಡಿದ್ದು 1975ರ ಆಗಸ್ಟ್‌ನಲ್ಲಿ, ಅದೂ ನೇರವಾಗಿ ಉಪಗ್ರಹದಿಂದ! ಸೈಟ್ ಎಂಬ ಪ್ರಯೋಗಕ್ಕೆ ರಾಜ್ಯದಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ತಂತಿಬಲೆಯ ದೊಡ್ಡ ಡಿಶ್, ಊರಿಗೆಲ್ಲ ಒಂದೇ ಟಿವಿ, ಬಿಲ್ಲಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಆರು ವರ್ಷ ರಾಜಧಾನಿಯೇ ಹಿಂದುಳಿದ ಪ್ರದೇಶ! ಇದಕ್ಕೊಂದು ವಿಶೇಷ ಪ್ಯಾಕೇಜ್ ಕೇಳಬೇಕೆಂದು ನಮ್ಮ ಶಾಸಕರಿಗೆ ಹೊಳೆಯಲಿಲ್ಲ. ಇತ್ತ ಸೈಟ್‌ಗೆ ವರ್ಷ ತುಂಬಿದ ಕೂಡಲೇ ಅಮೆರಿಕ ತನ್ನ ಉಪಗ್ರಹವನ್ನು ವಾಪಸ್ ಎಳೆದುಕೊಂಡಿತು. ಅದಕ್ಕೂ ಓನರ್ ಇದ್ದ ನೋಡಿ.

ಈಗ ಆ ಹಳ್ಳಿಗಳ ಮಾಳಿಗೆಯ ಮೇಲೆ ಫ್ರೀ ಡಿಶ್. ಚಂದನ ಬರುತ್ತದೆ, ಮಿಕ್ಕಂತೆ ಹಿಂದಿಯ ಜಾತ್ರೆ. ಭಾಷೆ ಬಾರದಿದ್ದರೂ ಅತ್ತೆ-ಸೊಸೆ ಜಗಳ ತಿಳಿಯುತ್ತದೆ. ಮೊಮ್ಮಗ ಫೋನಿನಲ್ಲಿ ಕೇಬಲ್ ಬಿಲ್ಲಿನ ಸಂಕಟ ತೋಡಿಕೊಂಡರೆ ಅಜ್ಜನಿಗೆ ಒಂದೇ ಸೋಜಿಗ:

'ಮ್ಯಾಲಿಂದ ಬರೂದಕ್ಕ ಯಾರರ ರೊಕ್ಕ ಕೊಡ್ತಾರೇನೋ ತಮ್ಮಾ?'