ಕುಂದಾಕ್ಕ ತುರಿಕಿ

ಬೆಳಗಾವಿಯಲ್ಲಿದ್ದುಕೊಂಡು ನಾಯಿಗೆ ಕುಂದಾ ಎಂದು ಹೆಸರಿಡಬಾರದು. ಬಣ್ಣವೇನೋ ನಮ್ಮೂರಿನ ಆ ಸಿಹಿತಿಂಡಿಯದೇ, ಹಾಲು ಕೆಂಪಗೆ ಕಾಸಿ ಇಳಿಸಿದಂಥದ್ದು. ಆದರೆ ಆ ಮೈಗೆ ಅಲರ್ಜಿ ಬಂತೆಂದರೆ ನಾಲ್ಕು ಜನರ ನಡುವೆ ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಮಳೆ ಹಿಡಿಯಿತು, ಕುಂದಾ ಪಂಜ ನೆಕ್ಕುವುದಕ್ಕೆ ಹಿಡಿಯಿತು. ಕಂಕುಳು, ಹೊಟ್ಟೆ, ಕಿವಿ ಎಲ್ಲ ಕೆಂಪು. ಡಾಕ್ಟರು ಚಿಗಟ ಹುಡುಕಿದರು, ಚರ್ಮ ಕೆರೆದು ಮೈಕ್ರೋಸ್ಕೋಪಿನಡಿ ಇಟ್ಟು ಗಜ್ಜಿಯಲ್ಲ ಎಂದರು. ಕೊನೆಗೆ ಅಟೋಪಿಕ್ ಡರ್ಮಟೈಟಿಸ್ ಎಂದಾಯಿತು. ಮನೆಧೂಳಿನ ನುಸಿ, ಹೂವಿನ ಪರಾಗ ಇಂಥವಕ್ಕೆಲ್ಲ ಮೈ ಸಿಟ್ಟಿಗೇಳುವ ರೋಗ. ಹತೋಟಿಗೆ ಬರುತ್ತದೆ, ಬಿಟ್ಟು ಹೋಗುವುದಿಲ್ಲ. ಮಾತ್ರೆ, ಶಾಂಪೂ ಬರೆದು, ಕೆಳಗೊಂದು ಪ್ರೋಬಯೋಟಿಕ್ ಪುಡಿ ಸೇರಿಸಿದರು. "ಒಳ್ಳೆ ಬ್ಯಾಕ್ಟೀರಿಯಾ ಇರತಾವ್ರಿ, ಮಸರಿನ್ಯಾಗ ಇರೂ ಅಂಥವು."

ನನಗೆ ಅಷ್ಟೇ ಸಾಕಾಯಿತು. ಮೊಸರೆಂದರೆ ಏನೆಂದು ಪುಡಿ ಪೊಟ್ಟಣ ನನಗೆ ಕಲಿಸಬೇಕೇ? ಖಾನಾಪುರದ ಕಾಡಂಚಿನ ಗೌಳಿಗರ ಎಮ್ಮೆ ಹಾಲು, ಹೆಪ್ಪು ಹಾಕಲು ಖಾನಾಪುರದ್ದೇ ಮಣ್ಣಿನ ಗಡಿಗೆ. ಬಸ್ಸು ಹತ್ತಿಬಿಟ್ಟೆ.

ಪಕ್ಕದಲ್ಲಿ ಒಬ್ಬ ಕಾಕಾ. ತೊಡೆಯ ಮೇಲೆ ಬೀಗರಿಗೆಂದು ಒಯ್ಯುತ್ತಿದ್ದ ಕುಂದಾದ ಡಬ್ಬಿ. ಪೀರನವಾಡಿ ದಾಟುವಾಗ ನನ್ನ ಹೆಂಡತಿಯ ಫೋನು ಬಂತು. ಬಸ್ಸಿನ ಗದ್ದಲದಲ್ಲಿ ಕಿರುಚಲೇಬೇಕು.

"ಕುಂದಾ ಇನ್ನೂ ಕೆಂಪ ಐತೇನ? ವಾಸನಿ ಬರಾಕತ್ತೇತಿ? ಬೂಷ್ಟ ಹಿಡದಿರಬೇಕ, ಬಟ್ಟೀಲೆ ಒರಸು!"

ಕಾಕಾ ಮೆಲ್ಲಗೆ ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದರು.

"ಯಾವ ಅಂಗಡೀದ್ರಿ?"

"ಅಂಗಡೀದಲ್ರಿ. ರಸ್ತೆದಾಗ ಬಿದ್ದಿತ್ತು. ಮಳ್ಯಾಗ ತೊಯ್ದು ತಪ್ಪಡಿ ಆಗಿತ್ತು, ಪಾಪ ಅಂತ ಮನಿಗೆ ಎತ್ಕೊಂಡ ಬಂದ್ವಿ."

"ಯಾವಾಗ?"

"ಎರಡ ವರ್ಷ ಆತ್ರಿ."

ಕಾಕಾ ಮುಂದಿನ ಸೀಟಿನ ಸರಳು ಹಿಡಿದುಕೊಂಡರು. "ಎರಡ ವರ್ಷದ್ದು... ಇನ್ನೂ ಮನ್ಯಾಗ ಐತಿ?"

"ನಮ್ಮ ಹಾಸಿಗಿ ಮ್ಯಾಲೇನ ಇರತೈತ್ರಿ."

"ಅಗಬಾಯಿ!" ಎಂದಳು ಹಿಂದಿನ ಸೀಟಿನ ಮಾವಶಿ.

ನಾಯಿ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕಾಕಾನ ಮುಖ ನೋಡಿದ ಮೇಲೆ ಮಚ್ಛೆ ಸ್ಟಾಪು ಬರುವತನಕ ಇರಲಿ ಅನ್ನಿಸಿತು. "ಮಕ್ಕಳು ದಿನಾ ಮುದ್ದ ಕೊಡತಾವ್ರಿ," ಎಂದೆ. "ಈಗ ಅದಕ್ಕ ಮಸರ ಹಾಕಬೇಕಂತ ಹೊಂಟೀನಿ." ಕಾಕಾ ತಮ್ಮ ಡಬ್ಬಿಯನ್ನು ನನ್ನಿಂದ ದೂರ, ಕಿಟಕಿಯ ಕಡೆ ಸರಿಸಿಕೊಂಡರು. ಇನ್ನು ತಡೆಯಲಾಗಲಿಲ್ಲ. "ರಾತ್ರಿಯೆಲ್ಲಾ ಬೊಗಳತೈತ್ರಿ."

ನಗು ಇಳಿದ ಮೇಲೆ ಇಡೀ ಬಸ್ಸೇ ಪಶು ಆಸ್ಪತ್ರೆಯಾಯಿತು. ಬೇವಿನೆಣ್ಣೆ ಒಬ್ಬರದು, ಗಂಧಕ ಇನ್ನೊಬ್ಬರದು. "ಗಾಡಿ ಸುಟ್ಟ ಆಯಿಲ್ ಬಳೀರಿ, ಒಂದ ಸಲಕ್ಕ ಹೊಕ್ಕೈತಿ" ಎಂದ ಒಬ್ಬ. ಹೋಗುವುದು ನಾಯಿಯ ಜೀವ. ಬಳಿದದ್ದನ್ನು ನಾಯಿ ನೆಕ್ಕಿಯೇ ನೆಕ್ಕುತ್ತದೆ, ಗ್ಯಾರೇಜಿನ ವಿಷ ಹೊಟ್ಟೆ ಸೇರುತ್ತದೆ. ಅದೂ ಬೇಡವೆಂದವರು ಕೆರೆದುಕೊಳ್ಳುವ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು ಊರಾಚೆ ಇಳಿಸಿ ಹೋಗುತ್ತಾರೆ. ಕುಂದಾ ನಮಗೆ ಸಿಕ್ಕಾಗ ಅದರ ಕೊರಳಲ್ಲೂ ಬೆಲ್ಟ್ ಇತ್ತು.

ಖಾನಾಪುರದಿಂದ ತಂದ ಮೊಸರಿನ ಗಡಿಗೆ ಕಂಡು ಡಾಕ್ಟರು ನಕ್ಕರು. ಮೊಸರಿನಲ್ಲಿ ಯಾವ ತಳಿಯ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಗೌಳಿಗೂ ಗೊತ್ತಿಲ್ಲ, ಎಮ್ಮೆಗೂ ಗೊತ್ತಿಲ್ಲ. ಪರೀಕ್ಷೆಯಾದ ತಳಿಗಳಿಗೆ ಅಡ್ಡಹೆಸರೂ ಇರುತ್ತದಂತೆ. ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಎಂಬುದರ ಎರಡು ಜಿ ಅಂದರೆ ಅದನ್ನು ಕಂಡುಹಿಡಿದ ಗೋರ್ಬಾಕ್ ಮತ್ತು ಗೋಲ್ಡಿನ್. ಸಿಕ್ಕಿದ್ದು ಆರೋಗ್ಯವಂತ ಮನುಷ್ಯನ ಕರುಳಿನಲ್ಲಿ. ತುರಿಕೆ ಚರ್ಮದಲ್ಲಿ, ಮದ್ದು ಹೊಟ್ಟೆಗೆ ಯಾಕೆಂದರೆ, ನಮ್ಮ ಕ್ಯಾಂಪಿನಲ್ಲಿ ಮರಾಠಾ ರೆಜಿಮೆಂಟಿನ ತರಬೇತಿ ನಡೆಯುವ ಹಾಗೆ ಮೈಕಾಯುವ ಪಡೆಯ ದೊಡ್ಡ ತರಬೇತಿ ಕರುಳಿನ ಗೋಡೆಯಲ್ಲಿ ನಡೆಯುತ್ತದೆ. ಯಾರ ಮೇಲೆ ಗುಂಡು ಹಾರಿಸಬಾರದು ಎಂಬುದನ್ನು ಆ ಪಡೆ ಅಲ್ಲಿ ಕಲಿಯುತ್ತದೆ. 2009ರಲ್ಲಿ ಅಮೆರಿಕದ ರೊಸಾನ್ನಾ ಮಾರ್ಸೆಲ್ಲಾ ಬೀಗಲ್ ಮರಿಗಳಿಗೆ ಈ ಜಿಜಿ ಕೊಟ್ಟು ನೋಡಿದಾಗ ರಕ್ತದಲ್ಲಿ ಅಲರ್ಜಿಯ ಐಜಿಇ ಎಂಬ ಪ್ರತಿಕಾಯ ಇಳಿದಿತ್ತು, ಕಣ್ಣಿಗೆ ಕಾಣುವ ರೋಗಲಕ್ಷಣಗಳಲ್ಲಿ ಅಂಥ ವ್ಯತ್ಯಾಸವೇನೂ ಆಗಿರಲಿಲ್ಲ. "ಅದಕ್ಕ ಪುಡಿ ಬರೇ ಜೋಡಿ ಇರಲಿ. ಮಾತ್ರಿ ಬಿಡಬ್ಯಾಡ್ರಿ. ಮಸರು ನೀವ ಉಣ್ರಿ."

ಮನೆಯಲ್ಲಿ ಅವ್ವನಿಗೆ ಇದನ್ನೆಲ್ಲ ಹೇಳಿದೆ.

"ಯಾರ ಹೊಟ್ಟಿಯೊಳಗ ಸಿಕ್ಕಿತ್ತಂದಿ?"

"ಆರೋಗ್ಯ ನೆಟ್ಟಗಿದ್ದವರದಂತ."

"ಹಂಗಾರ ನಮ್ಮ ಮನಿಯವರದಲ್ಲ ಬಿಡು," ಎಂದು ಅವ್ವ ಗಡಿಗೆಯನ್ನು ತನ್ನ ರೊಟ್ಟಿಯ ತಾಟಿನ ಹತ್ತಿರ ಎಳೆದುಕೊಂಡಳು.